ಓಲೆ, ಟೇಪು, ಕೋನು: ಮುಂದೊಗಲನ್ನು ಮರಳಿ ಬೆಳೆಸುವ ಸಾಧನಗಳ ಎರಡು ಸಾವಿರ ವರ್ಷ

ಇವತ್ತಿನ ಮಾತು ಒಂದು ತೆರಿಗೆ ವಿಚಾರಣೆಯಿಂದ ಶುರುವಾಗುತ್ತೆ. ಕ್ರಿ.ಶ. 81ರಿಂದ 96ರವರೆಗೆ ರೋಮ್ ಆಳಿದ ಡೊಮಿಷಿಯನ್ ಚಕ್ರವರ್ತಿಯ ಕಾಲ. ಅಧಿಕಾರಿ ಕೂತಿದ್ದಾನೆ, ಸುತ್ತ ಸಲಹೆಗಾರರು ಕಿಕ್ಕಿರಿದಿದ್ದಾರೆ. ಎದುರಿಗೆ 90 ವರ್ಷದ ಒಬ್ಬ ಮುದುಕ. ಅವನಿಗೆ ಸುನ್ನತಿ ಆಗಿದೆಯೋ ಇಲ್ಲವೋ ಅಂತ ಅಷ್ಟೂ ಜನರ ಮುಂದೆ ಪರೀಕ್ಷೆ ಮಾಡುತ್ತಿದ್ದಾರೆ. ಆಗಿದ್ದರೆ ಅವನು ಯೆಹೂದಿ. ಯೆಹೂದಿಯಾದರೆ ತೆರಿಗೆ ಕಟ್ಟಬೇಕು. ಇದನ್ನು ಬರೆದಿಟ್ಟವನು ಸ್ವೆಟೋನಿಯಸ್. ನಾನಾಗ ಹುಡುಗ, ಅಲ್ಲೇ ಇದ್ದೆ ಅನ್ನುತ್ತಾನೆ.

ಆ ತೆರಿಗೆ ಎಲ್ಲಿಂದ ಬಂತು ಅಂದ್ರೆ, ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯವನ್ನು ಸುಟ್ಟರು. ಅದುವರೆಗೆ ಯೆಹೂದಿಗಳು ತಮ್ಮ ದೇವಾಲಯಕ್ಕೆ ಕೊಡುತ್ತಿದ್ದ ಕಾಣಿಕೆಯ ಜಾಗದಲ್ಲಿ ವರ್ಷಕ್ಕೆ ತಲೆಗೆ 2 ದ್ರಾಕ್ಮಾ ರೋಮಿನ ಜೂಪಿಟರ್ ದೇವರ ಗುಡಿಗೆ ಕೊಡಬೇಕು ಅಂತ ಕಟ್ಟಳೆ ಮಾಡಿದರು. ಸೋತವರ ದೇವರ ದುಡ್ಡು ಗೆದ್ದವರ ದೇವರಿಗೆ. ಡೊಮಿಷಿಯನ್ ಇದನ್ನು ಬಹಳ ಬಿಗಿಯಾಗಿ ವಸೂಲಿ ಮಾಡಿದ, ಮೂಲ ಮುಚ್ಚಿಟ್ಟವರನ್ನೂ ಬಿಡಲಿಲ್ಲ. ಅವನ ನಂತರ ಬಂದ ನೆರ್ವಾ ಈ ಕಿರುಕುಳ ನಿಲ್ಲಿಸಿದೆ ಅಂತ ನಾಣ್ಯದ ಮೇಲೇ ಅಚ್ಚು ಹಾಕಿಸಿದ. ಕಿರುಕುಳ ಎಷ್ಟಿತ್ತು ಅಂತ ಅದರಲ್ಲೇ ಗೊತ್ತಾಗುತ್ತೆ.

ಇಂಥ ಲೋಕದಲ್ಲಿ, ಕತ್ತರಿಸಿಹೋದ ಮುಂದೊಗಲನ್ನು ಮತ್ತೆ ಪಡೆಯೋದು ಹೇಗೆ ಅಂತ ಯಾರಾದರೂ ಯೋಚಿಸಿದರೆ ಆಶ್ಚರ್ಯವಿಲ್ಲ. ಯೋಚಿಸಿದವರು ಇದ್ದರು, ಮಾಡಿದವರೂ ಇದ್ದರು. ಇವತ್ತೂ ಮಾಡುವವರಿದ್ದಾರೆ, ಅದಕ್ಕಂತಲೇ ಸಾಧನಗಳು ಮಾರಾಟವಾಗುತ್ತವೆ. ನೋವಾಗದ ಹಾಗೆ, ಜಾರಿ ಬೀಳದ ಹಾಗೆ ಅವನ್ನು ಬಳಸೋದನ್ನು ಮನುಷ್ಯರು ಹೇಗೆ ಕಲಿತರು ಅನ್ನೋದೇ ಇವತ್ತಿನ ಚರಿತ್ರೆ. ಪಿಜಿಯಲ್ಲಿ ರೂಮ್‌ಮೇಟ್ ಪಕ್ಕದಲ್ಲಿ ಕೂತು ಓದುತ್ತಿರುವವರು ನಾಚಿಕೊಳ್ಳಬೇಕಾಗಿಲ್ಲ. ಇದು ವೈದ್ಯಚರಿತ್ರೆ, ಪೋಲಿ ಕಥೆ ಅಲ್ಲ.

ನನಗೆ ಅನ್ನಿಸೋದನ್ನು ಮೊದಲೇ ಹೇಳಿಬಿಡ್ತೀನಿ. ಚರ್ಮ ಮೆಲ್ಲಗೆ ಎಳೆದರೆ ಬೆಳೆಯುತ್ತೆ ಅನ್ನೋದು ಹಳೇ ಕಾಲದವರಿಗೇ ಗೊತ್ತಿತ್ತು. ಆದರೆ ಇದರ ಅಗತ್ಯ ಇದ್ದವರಿಗೆ ಮೆಲ್ಲಗೆ ಮಾಡುವಷ್ಟು ಸಮಯ ಇರಲಿಲ್ಲ. ಒಬ್ಬನಿಗೆ ಅವಮಾನ, ಒಬ್ಬನಿಗೆ ತೆರಿಗೆ, ಇನ್ನೊಬ್ಬನಿಗೆ ಪ್ರಾಣ. ಸಾವಧಾನವಾಗಿ ಮಾಡುವವರು ಬಂದದ್ದು ತೀರಾ ಈಚೆಗೆ.

ಈಗ ಇನ್ನೂ ಹಿಂದಕ್ಕೆ ಹೋಗೋಣ. ಗ್ರೀಕರ ವ್ಯಾಯಾಮಶಾಲೆಗೆ ಜಿಮ್ನೇಸಿಯಮ್ ಅಂತ ಹೆಸರು. ಆ ಪದದಲ್ಲಿರುವ 'ಜಿಮ್ನೋಸ್' ಅಂದ್ರೆ ಬೆತ್ತಲೆ. ನಾವು ತಿಂಗಳ ಫೀಸು ಕಟ್ಟಿ ಮೂರು ದಿನ ಹೋಗಿ ಬಿಡುವ ಜಿಮ್ಮಿನ ಮೂಲ ಅರ್ಥ ಇದು. ಅಲ್ಲಿ ಗಂಡಸರು ಬೆತ್ತಲೆಯಾಗಿ ಓಡುತ್ತಿದ್ದರು, ಕುಸ್ತಿ ಮಾಡುತ್ತಿದ್ದರು. ಮೈಯೆಲ್ಲ ತೋರಿದರೂ ಪರವಾಗಿಲ್ಲ, ಶಿಶ್ನದ ತುದಿ ಮಾತ್ರ ಕಾಣಬಾರದು ಅನ್ನೋದು ಅವರ ಮರ್ಯಾದೆ. ತುದಿ ಕಂಡರೆ ಅಸಭ್ಯ. ಹಾಗಾಗಿ ಕೆಲವರು ಮುಂದೊಗಲಿನ ಮೂತಿಗೆ ತೆಳ್ಳಗಿನ ತೊಗಲ ದಾರ ಕಟ್ಟುತ್ತಿದ್ದರು. ಅದರ ಹೆಸರು ಕೈನೊಡೆಸ್ಮೆ, ಅಂದ್ರೆ ನಾಯಿ ಕಟ್ಟುವ ಹಗ್ಗ! ಹಳೇ ಗ್ರೀಕ್ ಹೂಜಿಗಳ ಮೇಲಿನ ಚಿತ್ರಗಳಲ್ಲಿ ಅದನ್ನು ನೋಡಬಹುದು.

ಕ್ರಿ.ಪೂ. 175ರ ಸುಮಾರಿಗೆ ಜೆರುಸಲೇಮಿನಲ್ಲೂ ಇಂಥದ್ದೊಂದು ವ್ಯಾಯಾಮಶಾಲೆ ಎದ್ದಿತು. ಗ್ರೀಕ್ ದೊರೆ ನಾಲ್ಕನೇ ಆಂಟಿಯೋಕಸನಿಗೆ ದುಡ್ಡು ಕೊಟ್ಟು ಮಹಾಯಾಜಕನ ಹುದ್ದೆ ಹಿಡಿದ ಜೇಸನ್ ಅನ್ನುವವನು ಅದನ್ನು ಕಟ್ಟಿಸಿದ. ಪೂಜೆಯ ಕೆಲಸ ಬಿಟ್ಟು ಯಾಜಕರೇ ಚಕ್ರ ಎಸೆಯೋಕೆ ಓಡುತ್ತಿದ್ದರು ಅಂತ ಮಕ್ಕಬಿಯರ ಎರಡನೇ ಗ್ರಂಥ ದೂರುತ್ತೆ. ಮೊದಲನೇ ಗ್ರಂಥ ಇನ್ನೂ ಒಂದು ಮಾತು ಹೇಳುತ್ತೆ: ಕೆಲವರು ತಮ್ಮ ಸುನ್ನತಿಯನ್ನೇ ಇಲ್ಲದ ಹಾಗೆ ಮಾಡಿಕೊಂಡರು. ಬೆತ್ತಲೆ ನಿಂತಾಗಲೂ ಗ್ರೀಕರ ಹಾಗೇ ಕಾಣಲಿ ಅಂತ ಮಾಡಿದರು ಅನ್ನೋದು ಇತಿಹಾಸಕಾರ ಜೋಸೆಫಸನ ವಿವರಣೆ. ಹೊಸ ಊರಿಗೆ ಕೆಲಸಕ್ಕೆ ಹೋಗಿ ಅಲ್ಲಿಯವರ ಹಾಗೆ ಕಾಣಬೇಕು ಅಂತ ಮಾತು, ಉಡುಪು ಬದಲಾಯಿಸಿಕೊಳ್ಳೋದು ನಮಗೂ ಗೊತ್ತು. ಅವರು ತಮ್ಮ ಊರಲ್ಲೇ ಇದ್ದು, ಚರ್ಮ ಬದಲಾಯಿಸಿಕೊಳ್ಳಬೇಕಾಯಿತು.

ಹೇಗೆ ಮಾಡಿಕೊಂಡರು ಅನ್ನೋದಕ್ಕೆ ವಿವರ ಸಿಗೋದು ಸುಮಾರು 200 ವರ್ಷ ಆದಮೇಲೆ, ರೋಮಿನ ಸೆಲ್ಸಸ್ ಬರೆದ ವೈದ್ಯಗ್ರಂಥದ ಏಳನೇ ಭಾಗದಲ್ಲಿ. ಅವನು ಎರಡು ಶಸ್ತ್ರಕ್ರಿಯೆ ಹೇಳುತ್ತಾನೆ. ಹುಟ್ಟಿನಿಂದಲೇ ಮುಂದೊಗಲು ಗಿಡ್ಡ ಇದ್ದವರಿಗೆ ಒಂದು: ಚರ್ಮವನ್ನು ಮುಂದಕ್ಕೆ ಎಳೆದು ತುದಿ ಮುಚ್ಚಿ ಕಟ್ಟೋದು, ಆಮೇಲೆ ಬುಡದ ಹತ್ತಿರ ಸುತ್ತಲೂ ಕೊಯ್ದು ಚರ್ಮ ಮುಂದೆ ಸರಿಯಲು ಬಿಡೋದು. ಬುಡದ ಗಾಯ ತಾನಾಗಿ ತುಂಬಿಕೊಳ್ಳಬೇಕು. ಸುನ್ನತಿ ಆದವರಿಗೆ ಇನ್ನೊಂದು: ತುದಿಯ ಹಿಂದಿನ ಚರ್ಮವನ್ನು ಚಾಕುವಿನಿಂದ ಬಿಡಿಸಿ ಮುಂದಕ್ಕೆ ತರೋದು, ಅದು ಮತ್ತೆ ಅಂಟದ ಹಾಗೆ ನೋಡಿಕೊಳ್ಳೋದು. ಅರಿವಳಿಕೆ ಇಲ್ಲದ ಕಾಲ. ಆದರೂ ಇದರಲ್ಲಿ ಅಂಥಾ ನೋವೇನಿಲ್ಲ ಅಂತ ಬರೆದಿದ್ದಾನೆ ಮಹಾರಾಯ! ಬರೆದವನು ಅವನು, ಮಲಗಿದವನು ಬೇರೆಯವನು. ಗಾಯ ಮಾಯುವವರೆಗೆ ರೋಗಿಗೆ ಹೊಟ್ಟೆಗೆ ಸರಿಯಾಗಿ ಕೊಡಬೇಡಿ, ಉಂಡು ತೃಪ್ತನಾದರೆ ಆ ಭಾಗ ಉದ್ರೇಕವಾಗಿ ಕೆಲಸ ಕೆಡುತ್ತೆ ಅಂತಲೂ ಸೂಚನೆ ಇದೆ. ಈ ಕೆಲಸ ದೊಡ್ಡವರಿಗಿಂತ ಹುಡುಗರಲ್ಲಿ ಸುಲಭ, ಸುನ್ನತಿ ಆದವರಿಗಿಂತ ಹುಟ್ಟಾ ಗಿಡ್ಡ ಇದ್ದವರಲ್ಲಿ ಸುಲಭ ಅಂತ ಅವನೇ ಒಪ್ಪುತ್ತಾನೆ.

ಇದು ಕತ್ತಿಯ ದಾರಿ. ಅದೇ ಕಾಲದಲ್ಲಿ ಇನ್ನೊಂದು ದಾರಿಯೂ ಇತ್ತು, ನನಗೆ ಹೆಚ್ಚು ಕುತೂಹಲ ಅದರ ಮೇಲೆ. ಎಫೆಸಸಿನ ಸೊರಾನಸ್ ಎರಡನೇ ಶತಮಾನದ ಆರಂಭದಲ್ಲಿ ಹೆರಿಗೆ ಮತ್ತು ಬಾಣಂತನದ ಬಗ್ಗೆ ಬರೆದ ವೈದ್ಯ. ಮಗುವಿನ ಮುಂದೊಗಲು ಹುಟ್ಟುವಾಗಲೇ ಗಿಡ್ಡವಾಗಿದ್ದರೆ ದಾದಿ ಅದನ್ನು ಮೆಲ್ಲಗೆ ಮುಂದಕ್ಕೆ ಎಳೆಯಬೇಕು, ಬೇಕಿದ್ದರೆ ಉಣ್ಣೆಯ ಎಳೆಯಿಂದ ಹಿಡಿದಿಡಬೇಕು, ಸ್ವಲ್ಪ ಸ್ವಲ್ಪವಾಗಿ ಬಿಡದೆ ಎಳೆದರೆ ಚರ್ಮ ಉದ್ದವಾಗುತ್ತೆ ಅನ್ನುತ್ತಾನೆ. ಸ್ವಲ್ಪ ಸ್ವಲ್ಪ, ಮತ್ತು ಬಿಡದೆ. ಇವತ್ತಿನ ಸಾಧನಗಳ ಇಡೀ ಸಿದ್ಧಾಂತ ಇಷ್ಟೇ. ಹಿಡಿಯುವ ವಸ್ತುವನ್ನೂ ನೋಡಿ: ಲೋಹವಲ್ಲ, ತೊಗಲಲ್ಲ, ಮೃದುವಾದ ಉಣ್ಣೆ. (ಇವತ್ತು ಯಾರೂ ಮಗುವಿಗೆ ಹೀಗೆ ಮಾಡಬಾರದು, ಅದು ಬೇರೆ ಮಾತು.) ಸೊರಾನಸನಿಗಿಂತ ಸ್ವಲ್ಪ ಮೊದಲಿದ್ದ ಡಿಯೊಸ್ಕೊರಿಡೀಸ್, ಗಿಡಮೂಲಿಕೆಗಳ ದೊಡ್ಡ ಗ್ರಂಥ ಬರೆದವನು, ಹುಟ್ಟಾ ಗಿಡ್ಡ ಮುಂದೊಗಲಿಗೆ ಸ್ನಾನ ಆದಮೇಲೆ ಜೇನುತುಪ್ಪ ಹಚ್ಚಿ 30 ದಿನ ಮೆತ್ತಗೆ ಮಾಡಿ ಅಂತ ಹೇಳಿದ್ದಾನೆ. ಬಿಸಿನೀರಿನ ನಂತರ ಚರ್ಮ ಸಡಿಲವಾಗಿರುತ್ತೆ, ಆಗಲೇ ಕೆಲಸ ಮಾಡಬೇಕು ಅನ್ನೋ ತಿಳಿವಳಿಕೆ ಇದರಲ್ಲಿದೆ.

ಜಾರಿ ಬೀಳುವ ಸಮಸ್ಯೆಗೂ ರೋಮಿನಲ್ಲೇ ಸಾಕ್ಷಿ ಇದೆ. ಚುಟುಕು ಕವಿ ಮಾರ್ಷಿಯಲ್, ಸುಮಾರು ಕ್ರಿ.ಶ. 92ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಮೆನೊಫಿಲಸ್ ಅನ್ನುವವನ ಕಥೆ ಹೇಳುತ್ತಾನೆ. ಆ ಕಾಲದ ಗಾಯಕರು, ನಟರು ಕಂಠ ಕೆಡಬಾರದು ಅಂತ ಬ್ರಹ್ಮಚರ್ಯಕ್ಕಾಗಿ ಶಿಶ್ನಕ್ಕೆ ಫಿಬುಲಾ ಅನ್ನುವ ಒಂದು ಕೊಂಡಿ ಅಥವಾ ಕವಚ ಹಾಕಿಕೊಳ್ಳುತ್ತಿದ್ದರು. ಮೆನೊಫಿಲಸನ ಕವಚ ಊರಿನ ನಟರಿಗೆಲ್ಲ ಸಾಲುವಷ್ಟು ದೊಡ್ಡದು. ಪಾಪ, ಗಂಟಲು ಕಾಪಾಡಿಕೊಳ್ಳುತ್ತಿದ್ದಾನೆ ಅಂದುಕೊಂಡಿದ್ದನಂತೆ ಕವಿ. ಒಂದು ದಿನ ವ್ಯಾಯಾಮದ ಬಯಲಿನಲ್ಲಿ, ಜನರೆಲ್ಲ ನೋಡುತ್ತಿರುವಾಗ, ಆಟದ ನಡುವೆ ಅದು ಕಳಚಿ ಬಿತ್ತು. ನೋಡಿದರೆ ಅವನಿಗೆ ಸುನ್ನತಿ ಆಗಿತ್ತು. ಕವಿಗೆ ಇದು ನಗೆಚಾಟಿಕೆ. ಆದರೆ ಮೊದಲು ಹೇಳಿದ ಆ 90 ವರ್ಷದ ಮುದುಕನ ಪಕ್ಕ ಮೆನೊಫಿಲಸನನ್ನು ನಿಲ್ಲಿಸಿ ನೋಡಿ. ಇಬ್ಬರೂ ಒಬ್ಬನೇ ಚಕ್ರವರ್ತಿಯ ಕಾಲದವರು. ಆಗ ನಗು ಬರಲ್ಲ.

ಇಲ್ಲೊಂದು ಜಗಳ ಬಿಡಿಸಬೇಕು. ಈ ವಿಷಯದ ಬಗ್ಗೆ ಓದಿದರೆ 'ಪೊಂಡಸ್ ಜುಡೇಯಸ್' ಅನ್ನುವ ಹೆಸರು ಪದೇ ಪದೇ ಸಿಗುತ್ತೆ. 'ಯೆಹೂದಿ ತೂಕ' ಅಂತ ಅರ್ಥ. ಕಂಚಿನದೋ ತಾಮ್ರದ್ದೋ ಕೊಳವೆಯಂಥ ತೂಕ, ಅದನ್ನು ನೇತುಹಾಕಿ ಚರ್ಮ ಎಳೆಯುತ್ತಿದ್ದರು, ಇದೇ ಜಗತ್ತಿನ ಮೊದಲ ಸಾಧನ ಅಂತ ಹೇಳ್ತಾರೆ. ಕೇಳೋಕೆ ಚೆನ್ನಾಗಿದೆ. ಆದರೆ ಇದರ ಬುಡ ಹುಡುಕಿದರೆ ಸಿಗೋದು ಅದೇ ಮಾರ್ಷಿಯಲ್‌ನ ಇನ್ನೊಂದು ಪದ್ಯದ ಎರಡು ಪದ. ಅಲ್ಲಿ ಅವನು ಹೇಳುತ್ತಿರೋದು ತನ್ನ ಆಳು ತೊಗಲ ಮುಚ್ಚಿಗೆ ಇಲ್ಲದೆ ಸ್ನಾನಕ್ಕೆ ಇಳಿಯುವ ಬಗ್ಗೆ. 'ತೂಕ' ಅನ್ನೋದು ಅಂಗಕ್ಕೇ ಹೇಳಿದ ಪೋಲಿ ಮಾತು, ಸಾಧನದ ಹೆಸರಲ್ಲ ಅಂತ ಓದಿದರೆ ಪದ್ಯ ಸರಾಗವಾಗಿ ಕೂರುತ್ತೆ. ನನ್ನ ಮತವೂ ಅದೇ. ಹೆಸರಿಗಿಂತ ಉಣ್ಣೆಯ ಎಳೆಯೇ ಗಟ್ಟಿ ಸಾಕ್ಷಿ.

ಗ್ರೀಕ್‌ನಲ್ಲಿ ಈ ಇಡೀ ಕೆಲಸಕ್ಕೆ ಎಪಿಸ್ಪಾಸ್ಮೋಸ್ ಅಂತ ಹೆಸರು. 'ಮುಂದಕ್ಕೆ ಎಳೆಯೋದು' ಅಂತಲೇ ಅರ್ಥ. ಕ್ರಿ.ಶ. 50ರ ದಶಕದಲ್ಲಿ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ, ಸುನ್ನತಿ ಆದವನು ಅದನ್ನು ಅಳಿಸಿಕೊಳ್ಳಬೇಕಾಗಿಲ್ಲ ಅನ್ನುವಾಗ ಇದೇ ಕ್ರಿಯಾಪದ ಬಳಸುತ್ತಾನೆ. ಬೇಡ ಅಂತ ಪತ್ರದಲ್ಲಿ ಬರೆಯಬೇಕು ಅಂದ್ರೆ ಮಾಡುತ್ತಿದ್ದವರು ಇದ್ದಿರಬೇಕಲ್ಲ. ಹೀಗೆ ಎಳೆದುಕೊಂಡವರಿಗೆ ಯೆಹೂದಿ ಧರ್ಮಶಾಸ್ತ್ರದಲ್ಲಿ 'ಮಾಶೂಖ್' ಅಂತ ಹೆಸರೇ ಇದೆ. ಕ್ರಿ.ಶ. 132ರಿಂದ 135ರವರೆಗೆ ರೋಮಿನ ವಿರುದ್ಧ ಬಾರ್ ಕೋಖ್ಬಾ ದಂಗೆ ಎದ್ದಾಗ ಇಂಥ ಎಷ್ಟೋ ಜನ ಎರಡನೇ ಸಲ ಸುನ್ನತಿ ಮಾಡಿಸಿಕೊಂಡರು ಅಂತ ತಾಲ್ಮೂದ್ ನೆನೆಯುತ್ತೆ. ಆಮೇಲೆ ರಬ್ಬಿಗಳು ವಿಧಿಯನ್ನೇ ಬಿಗಿ ಮಾಡಿದರು, ಒಳಪದರವನ್ನೂ ಪೂರ್ತಿ ತೆಗೆಯುವ 'ಪೆರಿಯಾ' ಕಡ್ಡಾಯವಾಯಿತು, ಎಳೆದುಕೊಳ್ಳೋಕೆ ಚರ್ಮವೇ ಉಳಿಯಬಾರದು ಅನ್ನೋದು ಅದರ ಒಂದು ಉದ್ದೇಶ ಅಂತ ಅನೇಕ ಇತಿಹಾಸಕಾರರು ಹೇಳ್ತಾರೆ. ಒಂದು ಕಡೆ ಸಾಮ್ರಾಜ್ಯ, ಇನ್ನೊಂದು ಕಡೆ ಸಮುದಾಯ. ಎರಡಕ್ಕೂ ಆ ಮನುಷ್ಯನ ಚರ್ಮದ ಮೇಲೇ ಕಣ್ಣು.

ಇಲ್ಲಿಂದ ಒಂದೇ ಹೆಜ್ಜೆಗೆ 20ನೇ ಶತಮಾನಕ್ಕೆ ಬರ್ತೀನಿ. ನಾಜಿಗಳು ಆಕ್ರಮಿಸಿದ ಪೋಲೆಂಡ್. ಅಲ್ಲಿನ ಕ್ಯಾಥೊಲಿಕರಲ್ಲಿ ಸುನ್ನತಿ ಇರಲಿಲ್ಲ. ಸುಳ್ಳು ಕಾಗದಪತ್ರ ಹಿಡಿದು, ಹೆಸರು ಬದಲಿಸಿ, ಪೋಲಿಷ್ ಭಾಷೆಯನ್ನು ತಪ್ಪಿಲ್ಲದೆ ಆಡಿದರೂ ಒಬ್ಬ ಯೆಹೂದಿ ಗಂಡಸಿನ ಪ್ಯಾಂಟು ಬಿಚ್ಚಿಸಿದರೆ ಕಥೆ ಮುಗೀತು. ಬೀದಿಯಲ್ಲಿ ಹೀಗೆ ಹೆದರಿಸಿ ದುಡ್ಡು ಕೀಳುವವರೇ ಒಂದು ಗುಂಪಾಗಿದ್ದರು. ವಾರ್ಸಾದಲ್ಲಿ ಕೆಲವು ವೈದ್ಯರು ಗುಟ್ಟಾಗಿ ಶಸ್ತ್ರಕ್ರಿಯೆ ಮಾಡಿ ಸುನ್ನತಿಯ ಗುರುತು ಮರೆಸಿದರು. ಅವರಲ್ಲೊಬ್ಬರು ಸರ್ಜನ್ ಫೆಲಿಕ್ಸ್ ಕನಾಬುಸ್. ಸಿಕ್ಕಿಬಿದ್ದರೆ ವೈದ್ಯನಿಗೂ ಸಾವು. ಯೆಹೂದಿಗಳನ್ನು ಕಾಪಾಡಿದ್ದಕ್ಕೆ ಯುದ್ಧದ ನಂತರ ಅವರಿಗೆ ಇಸ್ರೇಲಿನ ಯಾದ್ ವಶೇಮ್ ಗೌರವ ಕೊಟ್ಟಿತು. 1947ರಲ್ಲಿ ನಮ್ಮಲ್ಲೂ ರೈಲಿನಲ್ಲಿ, ಬೀದಿಯಲ್ಲಿ ಗಂಡಸರ ಬಟ್ಟೆ ಬಿಚ್ಚಿಸಿ ಯಾವ ಧರ್ಮದವನು ಅಂತ ನೋಡಿ ಕೊಂದರು. ದಿಲ್ಲಿಯಲ್ಲಿ, ಮುಂಬಯಿಯಲ್ಲಿ ಇರುವವರಿಗೆ ನಾನು ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಥ ಕಡೆ ಯಾರಿಗೆ ವರ್ಷಗಟ್ಟಲೆ ಕಾಯೋಕೆ ಆಗುತ್ತೆ? ಕತ್ತಿಯೊಂದೇ ದಾರಿ.

ಕಾಯುವ ಪುರುಸೊತ್ತು ಇದ್ದವರು ಬಂದದ್ದು ಅಮೆರಿಕದಲ್ಲಿ. ಅಲ್ಲಿ ಸುನ್ನತಿ ಧರ್ಮದ ಮಾತಾಗಿ ಹರಡಲಿಲ್ಲ, ಔಷಧಿಯಾಗಿ ಹರಡಿತು. 1870ರಲ್ಲಿ ನ್ಯೂಯಾರ್ಕಿನ ಮೂಳೆವೈದ್ಯ ಲೂಯಿಸ್ ಸೇಯರ್, ಕಾಲು ನೆಟ್ಟಗಾಗದ 5 ವರ್ಷದ ಹುಡುಗನಿಗೆ ಸುನ್ನತಿ ಮಾಡಿ, ಇದರಿಂದ ಕಾಲು ಸರಿಹೋಯಿತು ಅಂತ ಪ್ರಕಟಿಸಿದ. ಆಮೇಲೆ ಮೂರ್ಛೆರೋಗಕ್ಕೂ ಅದೇ, ಹಾಸಿಗೆ ಒದ್ದೆಗೂ ಅದೇ. ಬೆಳಗ್ಗೆ ನಾವು ತಿನ್ನುವ ಕಾರ್ನ್‌ಫ್ಲೇಕ್ಸ್ ಹಿಂದಿನ ಡಾಕ್ಟರ್ ಜಾನ್ ಹಾರ್ವೆ ಕೆಲಾಗ್ ಹುಡುಗರ ಹಸ್ತಮೈಥುನ ಬಿಡಿಸೋಕೆ ಅರಿವಳಿಕೆ ಕೊಡದೆ ಇದನ್ನು ಮಾಡಿ ಅಂತ ಬರೆದ. 20ನೇ ಶತಮಾನದ ನಡುವಿಗೆ ಬರುವಷ್ಟರಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ಹುಟ್ಟುವ ಹೆಚ್ಚಿನ ಗಂಡುಮಕ್ಕಳಿಗೆ ಇದು ಮಾಮೂಲಿ ಆಗಿತ್ತು. ಬ್ರಿಟನ್ನಿನಲ್ಲಿ ಹೀಗಾಗಲಿಲ್ಲ. 1949ರಲ್ಲಿ ಡಗ್ಲಸ್ ಗೇರ್ಡ್ನರ್ ಅನ್ನುವ ಮಕ್ಕಳ ವೈದ್ಯ, ಹುಟ್ಟಿದ ಮಗುವಿನ ಮುಂದೊಗಲು ತುದಿಗೆ ಅಂಟಿಕೊಂಡಿರೋದು ಸಹಜ, ವರ್ಷಗಳು ಕಳೆದ ಹಾಗೆ ತಾನೇ ಬಿಡುತ್ತೆ ಅಂತ ತೋರಿಸಿಕೊಟ್ಟ. ಸರ್ಕಾರಿ ಆರೋಗ್ಯ ಸೇವೆಯೂ ಇದಕ್ಕೆ ದುಡ್ಡು ಕೊಡಲಿಲ್ಲ. ಅಲ್ಲಿ ಪದ್ಧತಿ ಇಳಿಯಿತು.

ಅಮೆರಿಕದಲ್ಲಿ ಹೀಗೆ ಬೆಳೆದ ಹುಡುಗರಲ್ಲಿ ಕೆಲವರು ದೊಡ್ಡವರಾಗಿ ಕೇಳಿದರು: ನನ್ನ ಮೈಯ ಒಂದು ತುಂಡನ್ನು ನನ್ನನ್ನು ಕೇಳದೆ ಯಾಕೆ ತೆಗೆದಿರಿ? ಮೊದಮೊದಲು ಅವರು ಹೋದದ್ದು ಪ್ಲಾಸ್ಟಿಕ್ ಸರ್ಜನ್ನರ ಹತ್ತಿರ. ಅವರು ವೃಷಣಚೀಲದ ಚರ್ಮ ತಂದು ಹೊಲಿದರು. ಆದರೆ ಆ ಚರ್ಮದ ಬಣ್ಣ ಬೇರೆ, ನಯ ಬೇರೆ, ಅದರಲ್ಲಿ ಕೂದಲು ಬೇರೆ. ಹಲವು ಹಂತದ ಶಸ್ತ್ರಕ್ರಿಯೆ, ಗಾಯದ ಕಲೆ. 1981ರಲ್ಲಿ ಬಂದ ಒಂದು ಅಧ್ಯಯನವಂತೂ ಮುಂದೊಗಲು ಬೇಕು ಅಂತ ಬಂದವರನ್ನೇ ಮನೋವೈದ್ಯರ ಮುಂದೆ ಕೂರಿಸಿ ನೋಡಿತು. ಕತ್ತರಿಸಿದವರನ್ನು ಯಾರೂ ಹಾಗೆ ಕೂರಿಸಲಿಲ್ಲ ಅನ್ನೋದನ್ನು ಗಮನಿಸಿ.

1980ರ ದಶಕದ ಆರಂಭದಲ್ಲಿ ಬಫ್ ಅನ್ನುವ ಚುಟುಕು ಹೆಸರಿನ ಗುಂಪೊಂದು ಟೇಪಿನ ವಿಧಾನ ಹರಡಿತು. 1989ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ವೇಯ್ನ್ ಗ್ರಿಫಿತ್ಸ್ ಮತ್ತು ಟಿಮ್ ಹ್ಯಾಮಂಡ್ ಒಂದು ಬೆಂಬಲ ಗುಂಪು ಕಟ್ಟಿದರು, ಅದೇ ಆಮೇಲೆ ನಾರ್ಮ್ ಅಂತ ಹೆಸರಾಯಿತು. ಗ್ರಿಫಿತ್ಸ್ ಎರಡು ಸ್ಟೀಲ್ ಗುಂಡುಗಳನ್ನು ಜೋಡಿಸಿ 'ಫೋರ್‌ಬಾಲ್ಸ್' ಅನ್ನುವ ತೂಕ ಮಾಡಿದ. 1992ರಲ್ಲಿ ಮನಶ್ಶಾಸ್ತ್ರಜ್ಞ ಜಿಮ್ ಬಿಗೆಲೊ ಇದರ ಬಗ್ಗೆ ಇಡೀ ಪುಸ್ತಕ ಬರೆದ. ಸೊರಾನಸನ ದಾದಿಯ ಉಣ್ಣೆ ಎಳೆ ಸುಮಾರು 1,900 ವರ್ಷ ಆದಮೇಲೆ ಔಷಧಿ ಅಂಗಡಿಯ ಟೇಪಿನ ಸುರುಳಿಯಾಗಿ ಬಂತು.

ಅದು ಕೆಲಸ ಮಾಡುತ್ತಾ? ಚರ್ಮ ರಬ್ಬರಿನ ಹಾಗೆ ಹಿಗ್ಗಿ ಮತ್ತೆ ಹಿಂದಕ್ಕೆ ಬರಲ್ವಾ? ಇದಕ್ಕೆ ಉತ್ತರ ನಮ್ಮ ಮನೆಯಲ್ಲೇ ಇದೆ. ಕಿವಿಯ ಆಭರಣಕ್ಕೆ 'ಓಲೆ' ಅಂತೀವಲ್ಲ, ಆ ಪದದ ಮೂಲ ಅರ್ಥ ತಾಳೆಗರಿ. ಗರಿಯನ್ನು ಸುರುಳಿ ಸುತ್ತಿ ಕಿವಿಯ ತೂತಿಗೆ ಇಡುತ್ತಿದ್ದರು. ಸುರುಳಿ ತಾನಾಗಿ ಬಿಚ್ಚಿಕೊಳ್ಳೋಕೆ ನೋಡುತ್ತೆ, ಮೆಲ್ಲಗೆ ಹೊರಕ್ಕೆ ಒತ್ತುತ್ತೆ. ತೂತು ದೊಡ್ಡದಾದ ಮೇಲೆ ಇನ್ನೂ ದಪ್ಪ ಸುರುಳಿ. ನೋವಿಲ್ಲ, ಬಲವಂತವಿಲ್ಲ, ತಿಂಗಳುಗಳು ಬೇಕು. ಶ್ರವಣಬೆಳಗೊಳದ ಗೊಮ್ಮಟನ ಉದ್ದ ಕಿವಿ ನೋಡಿ. ಚೆನ್ನೈಯಲ್ಲಿರುವವರು ತಮಿಳುನಾಡಿನ ದಕ್ಷಿಣ ಜಿಲ್ಲೆಗಳ ಅಜ್ಜಿಯರ 'ಪಾಂಬಡಂ' ಕಿವಿಗಳನ್ನು ನೋಡಿರಬಹುದು, ಹಾಲೆ ಹೆಗಲ ಹತ್ತಿರಕ್ಕೆ ಇಳಿದಿರುತ್ತೆ. ಬಸುರಿಯ ಹೊಟ್ಟೆಯ ಚರ್ಮವೂ ಹೀಗೇ. ಎಳೆತ ಸಣ್ಣದಾಗಿ, ಸತತವಾಗಿ ಇದ್ದರೆ ಚರ್ಮದ ಕೋಶಗಳು ಅದನ್ನು ಗುರುತಿಸಿ ವಿಭಜನೆಯಾಗುತ್ತವೆ, ಹೊಸ ಚರ್ಮ ಬರುತ್ತೆ. ವೈದ್ಯರು ಇದನ್ನು ಬೇಕಂತಲೇ ಬಳಸಿದ್ದಾರೆ. 1957ರಲ್ಲಿ ಚಾರ್ಲ್ಸ್ ನ್ಯೂಮನ್ ಕಿವಿ ಕಟ್ಟಲು ಬೇಕಾದ ಚರ್ಮವನ್ನು ಒಳಗೆ ಬಲೂನು ಇಟ್ಟು ನಿಧಾನಕ್ಕೆ ಉಬ್ಬಿಸಿ ಬೆಳೆಸಿದ. 1970ರ ದಶಕದಲ್ಲಿ ಚೆಡೊಮಿರ್ ರಾಡೊವಾನ್ ಅದನ್ನೇ ಸಿಲಿಕೋನ್ ಚೀಲದಿಂದ ಮಾಡಿದ, ಇವತ್ತು ಸುಟ್ಟಗಾಯದವರಿಗೆ, ಸ್ತನ ಕ್ಯಾನ್ಸರ್ ಆದವರಿಗೆ ಈ ವಿಧಾನ ಮಾಮೂಲಿ. ಸೈಬೀರಿಯಾದ ಕುರ್ಗಾನಿನಲ್ಲಿ ಇಲಿಜರೋವ್ ಮೂಳೆಯನ್ನೇ ಉದ್ದ ಮಾಡಿದ, ದಿನಕ್ಕೆ 1 ಮಿಲಿಮೀಟರ್, ಅದನ್ನೂ ನಾಲ್ಕು ಕಂತಿನಲ್ಲಿ. ಅದಕ್ಕಿಂತ ಜೋರು ಮಾಡಿದರೆ ಮೂಳೆ ಕೂಡಲ್ಲ. ನಮ್ಮ ಹೆದ್ದಾರಿ ಬದಿಯ ಬೋರ್ಡು ನೆನಪಿದೆಯಾ, ಅವಸರವೇ ಅಪಘಾತಕ್ಕೆ ಕಾರಣ?

ತತ್ತ್ವ ಸರಿ. ಕಷ್ಟ ಇದ್ದದ್ದು ಹಿಡಿತದಲ್ಲಿ. ಬೇರೆ ಬೇರೆ ಸಾಧನ ಬಂದದ್ದೇ ಹಿಡಿತದ ಕಷ್ಟದಿಂದ.

ಟೇಪಿನ ವಿಧಾನದಲ್ಲಿ ಆಸ್ಪತ್ರೆಯ ಟೇಪನ್ನು ಚರ್ಮಕ್ಕೆ ಸುತ್ತ ಅಂಟಿಸಿ, ಮುಂದೆ ಒಂದು ಎಲಾಸ್ಟಿಕ್ ಪಟ್ಟಿ ಜೋಡಿಸಿ, ಅದರ ಇನ್ನೊಂದು ತುದಿಯನ್ನು ಮಂಡಿಗೆ ಅಥವಾ ಸೊಂಟಕ್ಕೆ ಕಟ್ಟುತ್ತಾರೆ. ಅಗ್ಗ, ಎಲ್ಲ ಕಡೆ ಸಿಗುತ್ತೆ. ಆದರೆ ದಿನಾ ಅಂಟಿಸಿ ದಿನಾ ಕಿತ್ತರೆ ಮೇಲ್ಪದರ ಸುಲಿಯುತ್ತೆ, ತುರಿಕೆ, ಗುಳ್ಳೆ. ಚೆನ್ನೈ, ಮುಂಬಯಿಯ ಬೆವರಿನಲ್ಲಿ ಮಧ್ಯಾಹ್ನಕ್ಕೇ ಅಂಟು ಬಿಡುತ್ತೆ. ಕೂದಲು ಮೊದಲೇ ಕತ್ತರಿಸಿಕೊಳ್ಳಬೇಕು, ತೆಗೆಯುವಾಗ ಬೆಚ್ಚಗಿನ ನೀರಿನಲ್ಲಿ ನೆನೆಸಿ ತೆಗೆಯಬೇಕು, ಒಣಗಿದ ಟೇಪನ್ನು ಸರ್ರನೆ ಕೀಳಬಾರದು ಅಂತ ಬಳಸಿದವರು ಚರ್ಮ ಕೊಟ್ಟೇ ಕಲಿತರು.

ತೂಕದ ಕಷ್ಟ ಬೇರೆ. ಗುರುತ್ವದ ಎಳೆತ ನಿಂತಾಗ, ನಡೆಯುವಾಗ ಮಾತ್ರ. 9 ಗಂಟೆ ಕುರ್ಚಿಯ ಮೇಲೆ ಕೂತು ಕೋಡ್ ಬರೆಯುವವನಿಗೆ ಅದು ಜೇಬಿನಲ್ಲಿಟ್ಟ ಕಲ್ಲಿನ ಹಾಗೆ, ಇದ್ದೂ ಇಲ್ಲ. ಬಿದ್ದರೆ ಸದ್ದು. ವಿಮಾನ ನಿಲ್ದಾಣದ ಲೋಹ ಪರೀಕ್ಷೆಯಲ್ಲಿ ಮೆನೊಫಿಲಸನ ಗತಿ! ಇನ್ನೂ ದೊಡ್ಡ ಅಪಾಯ ಏನಂದ್ರೆ, ಬೇಗ ಆಗಲಿ ಅಂತ ತೂಕ ಹೆಚ್ಚಿಸುತ್ತಾ ಹೋಗೋದು. ಚರ್ಮ ಬೆಳೆಯುವ ಬದಲು ಸೀಳುತ್ತೆ, ಕಲೆ ಕಟ್ಟುತ್ತೆ, ಕಲೆ ಕಟ್ಟಿದ ಚರ್ಮ ಹಿಗ್ಗಲ್ಲ.

21ನೇ ಶತಮಾನದ ಆರಂಭದಿಂದ ಹೆಚ್ಚು ಬಳಕೆಗೆ ಬಂದದ್ದು ಸಿಲಿಕೋನಿನ ಕೋನು. ಒಳಗೆ ಗಂಟೆಯ ಆಕಾರದ ಒಂದು ಬಿರಡೆ. ಅದರ ಮೇಲಕ್ಕೆ ಚರ್ಮವನ್ನು ಸರಿಸಿ, ಹೊರಗಿನಿಂದ ಮೆತ್ತನೆಯ ಕೋನನ್ನು ಟೊಪ್ಪಿಯ ಹಾಗೆ ಇಳಿಸಿದರೆ ಚರ್ಮ ಎರಡರ ನಡುವೆ ನಿಲ್ಲುತ್ತೆ. ಅಂಟಿಲ್ಲ, ಬರೀ ಘರ್ಷಣೆ. ಇದಕ್ಕೆ ಪಟ್ಟಿ ಜೋಡಿಸಬಹುದು, ಸಣ್ಣ ತೂಕ ಹಾಕಬಹುದು, ಏನೂ ಇಲ್ಲದೆ ಬರೀ ತುದಿ ಮುಚ್ಚಿಡೋಕೂ ಬಳಸಬಹುದು. ಇದರಲ್ಲಿ ಜಾರೋದಕ್ಕೆ ಮುಖ್ಯ ಕಾರಣ ತೇವ. ಎಣ್ಣೆ, ಕ್ರೀಮು, ಬೆವರು ಇದ್ದರೆ ನಿಲ್ಲಲ್ಲ. ಚರ್ಮವನ್ನೂ ಸಾಧನವನ್ನೂ ತೊಳೆದು ಪೂರ್ತಿ ಒಣಗಿಸಿ ಹಾಕಿದರೆ ಅರ್ಧ ಸಮಸ್ಯೆ ಹೋಗುತ್ತೆ. ಕ್ರೀಮು ಹಚ್ಚೋದಾದರೆ ಸಾಧನ ತೆಗೆದ ಮೇಲೆ. ಉಳಿದರ್ಧ ಅಳತೆಯದ್ದು. ದೊಡ್ಡದಾದರೆ ಜಾರುತ್ತೆ, ಚಿಕ್ಕದಾದರೆ ಕತ್ತು ಹಿಸುಕುತ್ತೆ. ಜಾರುತ್ತೆ ಅಂತ ಬಿಗಿ ಮಾಡೋದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ, ಅತ್ಯಂತ ಕೆಟ್ಟದ್ದೂ ಅದೇ. ಎರಡೂ ಕಡೆ ಒತ್ತುವ ಮಾದರಿಯೂ ಇದೆ, ಚರ್ಮವನ್ನು ಮುಂದಕ್ಕೆ ಎಳೆಯುತ್ತಾ ತುದಿಯನ್ನು ಹಿಂದಕ್ಕೆ ತಳ್ಳುತ್ತೆ. ಕೂತಾಗಲೂ ಕೆಲಸ ಮಾಡುತ್ತೆ, ಆದರೆ ತುದಿ ನೋಯದ ಹಾಗೆ ಮೆತ್ತೆ ಇರಲೇಬೇಕು.

ಈ ನಾಲ್ಕು ದಶಕದಲ್ಲಿ ಬಳಸಿದವರು ತಮ್ಮತಮ್ಮಲ್ಲೇ ಕಂಡುಕೊಂಡ ಕಟ್ಟಳೆಗಳಿವೆ. ಮೊದಲ ವಾರಗಳಲ್ಲಿ ದಿನಕ್ಕೆ ಅರ್ಧ ಗಂಟೆ, ಒಂದು ಗಂಟೆ ಸಾಕು. ಎಳೆತ ಗೊತ್ತಾಗಬೇಕು, ನೋವಾಗಬಾರದು. ಆಗಾಗ ತೆಗೆದು ನೋಡಬೇಕು: ತುದಿ ನೀಲಿಗಟ್ಟಿದೆಯಾ, ತಣ್ಣಗಾಗಿದೆಯಾ, ಜೋಮು ಹಿಡಿದಿದೆಯಾ? ಇದರಲ್ಲಿ ಒಂದು ಇದ್ದರೂ ತಕ್ಷಣ ತೆಗೆಯಬೇಕು, ಬಣ್ಣವೋ ಸ್ಪರ್ಶವೋ ಬೇಗ ಮರಳದಿದ್ದರೆ ಆಸ್ಪತ್ರೆಗೆ ಹೋಗಬೇಕು. ಬಿಗಿ ಸಾಧನ ಹಾಕಿಕೊಂಡು ನಿದ್ದೆ ಮಾಡಬಾರದು, ಯಾಕಂದ್ರೆ ನಿದ್ದೆಯಲ್ಲಿ ತಾನಾಗಿ ಉದ್ರೇಕವಾಗುತ್ತೆ, ಆಗ ಸಾಧನ ಉರುಳಾಗುತ್ತೆ. ಕೆಂಪಾದರೆ, ಸುಲಿದರೆ ವಾಸಿಯಾಗುವವರೆಗೆ ರಜೆ. ಸಕ್ಕರೆ ಕಾಯಿಲೆ ಇದ್ದವರು, ಪದೇ ಪದೇ ಸೋಂಕು ಆಗುವವರು ಶುರು ಮಾಡುವ ಮೊದಲೇ ಯೂರಾಲಜಿಸ್ಟ್ ಹತ್ತಿರ ಮಾತಾಡಬೇಕು. ಸಾಧನವೇ ಬೇಡ ಅನ್ನುವವರು ಬರೀ ಕೈಯಲ್ಲಿ, ದಿನಕ್ಕೆ ಹಲವು ಸಲ ಕೆಲವು ನಿಮಿಷ ಎಳೆದೂ ಮಾಡುತ್ತಾರೆ. ಯಾವ ದಾರಿಯಾದರೂ ಲೆಕ್ಕ ವರ್ಷಗಳದ್ದು.

ಮಾರುವವರು ಹೇಳದ ಒಂದು ಮಾತನ್ನೂ ಹೇಳಬೇಕು. ಬೆಳೆಯೋದು ಉಳಿದಿರುವ ಚರ್ಮ ಮಾತ್ರ. 1996ರಲ್ಲಿ ಟೇಲರ್ ಮತ್ತು ಸಂಗಡಿಗರು ಮುಂದೊಗಲಿನ ಒಳಗಿರುವ ನೆರಿಗೆನೆರಿಗೆಯ, ನರಗಳು ಒತ್ತಾಗಿರುವ ಒಂದು ಪಟ್ಟಿಯನ್ನು ವಿವರಿಸಿದರು. ಅದು ಕತ್ತರಿಸಿ ಹೋಗಿದ್ದರೆ ಯಾವ ಟೇಪೂ ಕೋನೂ ಅದನ್ನು ತರಲ್ಲ. ತುದಿ ಮುಚ್ಚಿಕೊಳ್ಳುತ್ತೆ, ಬಟ್ಟೆ ಉಜ್ಜೋದು ತಪ್ಪುತ್ತೆ, ಚರ್ಮ ಮತ್ತೆ ಸರಾಗವಾಗಿ ಸರಿಯುತ್ತೆ, ತುದಿ ಮೃದುವಾಯಿತು ಅಂತ ಬಳಸಿದವರಲ್ಲಿ ಹಲವರು ಹೇಳ್ತಾರೆ. ಇದನ್ನು ಬಹುಪಾಲು ಅವರವರ ಮಾತಿನಿಂದಲೇ ತಿಳಿಯಬೇಕಾಗಿದೆ, ದೊಡ್ಡ ವೈದ್ಯಕೀಯ ಪ್ರಯೋಗ ನಡೆದಿಲ್ಲ. ಆಸ್ಪತ್ರೆಗಳು ಇದನ್ನು ತಮ್ಮ ಕೆಲಸ ಅಂದುಕೊಂಡೇ ಇಲ್ಲ. ಸೆಲ್ಸಸ್ ತನ್ನ ಗ್ರಂಥದಲ್ಲಿ ಒಂದು ಅಧ್ಯಾಯ ಕೊಟ್ಟಿದ್ದ ವಿಷಯಕ್ಕೆ ಇವತ್ತಿನ ವೈದ್ಯನ ಎದುರು ಬಾಯಿ ತೆರೆಯೋಕೂ ಗಂಡಸರು ಹಿಂಜರಿಯುತ್ತಾರೆ. ಹೇಳಿದರೆ ನಗುತ್ತಾರೆ ಅನ್ನೋ ಭಯ.

ನಮ್ಮಲ್ಲಿ ಸುನ್ನತಿ ಆದವರಲ್ಲಿ ಬಹಳಷ್ಟು ಜನರಿಗೆ ಅದು ತಮ್ಮ ನಂಬಿಕೆಯ ಗುರುತು, ಅವರಿಗೆ ಇದರ ಗೊಡವೆಯೇ ಇಲ್ಲ. ಇನ್ನು ಕೆಲವರಿಗೆ ಚಿಕ್ಕವರಿದ್ದಾಗ ಮೂತಿ ಬಿಗಿಯಾಗಿದೆ ಅಂತ ಡಾಕ್ಟರು ತೆಗೆದಿರುತ್ತಾರೆ. ಈಗ ನಿಮ್ಮ ಮನೆಯಲ್ಲಿ ಪುಟ್ಟ ಗಂಡುಮಗು ಇದ್ದು ಯಾರಾದರೂ ಹಾಗೇ ಹೇಳಿದರೆ, ಮೂತ್ರಕ್ಕೆ ತೊಂದರೆ, ಪದೇ ಪದೇ ಸೋಂಕು, ಬಿಳಿಗಟ್ಟಿದ ಕಲೆ ಏನೂ ಇಲ್ಲದಿದ್ದರೆ, ಗೇರ್ಡ್ನರ್ 1949ರಲ್ಲಿ ಹೇಳಿದ್ದನ್ನು ನೆನಪಿಸಿಕೊಂಡು ಇನ್ನೊಬ್ಬ ಮಕ್ಕಳ ವೈದ್ಯರ ಅಭಿಪ್ರಾಯ ಕೇಳಿ. ಬಲವಂತವಾಗಿ ಹಿಂದಕ್ಕೆ ಸರಿಸೋದು ಮಾತ್ರ ಬೇಡ.

ಮುಂದಿನ ಮಾತಿಗೆ ರೋಮಿನ ತೆರಿಗೆಯನ್ನೇ ಇಟ್ಟುಕೊಳ್ತೀನಿ. ಮೂತ್ರದ ಮೇಲೂ ಸುಂಕ ಹಾಕಿದ ವೆಸ್ಪಾಸಿಯನ್, ಈ ಡೊಮಿಷಿಯನ್‌ನ ಅಪ್ಪ. ಸಿಗೋಣ.